ಜೀಪಿನ ಗಾಲಿ, ವ್ಯಾನಿನ ಒಲೆ

ಮಹಾಂತೇಶ, ಶಿವಲೀಲಾ,

ಪಂಚಮಿಗೆ ಬಂದಾಗ ನೀವಿಬ್ಬರೂ ಪಡಸಾಲೆಯಲ್ಲಿ ಕೂತು ಮಾಡಿದ ಜಗಳವನ್ನು ನಾನು ಒಳಗೆ ಉಂಡಿ ಕಟ್ಟುತ್ತ ಪೂರ್ತಿ ಕೇಳಿಸಿಕೊಂಡೆ. ಅಣ್ಣ ತಂಗಿ ಕೂಡಿ ಒಂದು ಗಾಡಿ ಕೊಳ್ಳುವುದೆಂದು ಠರಾವಾಗಿದೆಯಂತೆ, ಯಾವ ಗಾಡಿ ಎಂಬುದು ಮಾತ್ರ ಇನ್ನೂ ಆಗಿಲ್ಲ. ಮಹಾಂತೇಶನಿಗೆ ನಾಲ್ಕೂ ಗಾಲಿ ಎಳೆಯುವ ದೊಡ್ಡ ಜೀಪು ಬೇಕು, ಕಬ್ಬಿನ ಗದ್ದೆಗೂ ಹೋಗಬೇಕು, ಗುಡ್ಡಕ್ಕೂ ಏರಬೇಕು. ಶಿವಲೀಲಾಗೆ ಮಲಗಲು ಹಾಸಿಗೆ, ಅಡಿಗೆಗೆ ಒಲೆ ಇರುವ ವ್ಯಾನು ಬೇಕು, ಎಲ್ಲಿ ಹೊತ್ತು ಮುಳುಗುತ್ತದೋ ಅಲ್ಲಿಯೇ ಮನೆ. ಮಾತು ಮುಗಿಯದಾಗ ಮಹಾಂತೇಶ ಅಡಿಗೆಮನೆಯ ಬಾಗಿಲಿಗೆ ಬಂದು "ಆಯಿ, ನೀನರ ಹೇಳ, ಯಾವದು ತಗೋಬೇಕು?" ಎಂದು ಕೇಳಿದ. ನಾನು "ನನಗೇನ ತಿಳೀತೈತಿ ತಮ್ಮಾ" ಎಂದು ಮತ್ತೆ ಬೆಲ್ಲದ ಪಾಕದ ಕಡೆಗೆ ತಿರುಗಿದೆ.

ಅದು ಸುಳ್ಳು. ನನಗೆ ತಿಳಿಯುತ್ತದೆ. ಗೋಕಾಕದಿಂದ ಹುಕ್ಕೇರಿಯವರೆಗೆ ಈ ಪ್ರಶ್ನೆಯ ಬಗ್ಗೆ ನನ್ನಷ್ಟು ಯೋಚಿಸಿದ ಹೆಣ್ಣುಮಗಳು ಇನ್ನೊಬ್ಬಳು ಇರಲಿಕ್ಕಿಲ್ಲ. ಆದರೆ ಮಂದಿಯ ಮುಂದೆ ಮಾತಾಡಬೇಕೆಂದರೆ ನನ್ನ ನಾಲಿಗೆ ಸಣ್ಣಂದಿನಿಂದಲೂ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮೊಮ್ಮಕ್ಕಳೂ ಮಂದಿಯೇನು ಎಂದು ಕೇಳಬೇಡಿರಿ. ಒಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ನನಗೆ ಅವರು ಮಂದಿಯೇ. ನಮ್ಮೂರ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದುವಾಗ ಮಾಸ್ತರರು ನನ್ನ ಹೆಸರು ಕರೆದರೆ ನಾನು ಎದ್ದು ನಿಲ್ಲುತ್ತಿದ್ದೆ, ಉತ್ತರ ಮಾತ್ರ ಕೂತೇ ಇರುತ್ತಿತ್ತು. ಬರೆಯಲು ಹಾಗೆ ನಾಚಿಕೆಯಿಲ್ಲ, ಹಾಳೆ ತಿರುಗಿ ನೋಡುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದಲ್ಲಿ ನಗಿರಿ, ಜೋರಾಗಿ ನಗಬೇಡಿರಿ.

ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಮಾತು. ಹಿಡಕಲ್ಲಿನಲ್ಲಿ ನದಿಗೆ ಅಡ್ಡ ಒಡ್ಡು ಕಟ್ಟುತ್ತಾರೆಂದು ಎಲ್ಲ ಕಡೆ ಸುದ್ದಿ, ಅಳತೆಗೆಂದು ಸಾಹೇಬರು ಬಂದು ಹೋಗುವ ಕಾಲ. ನಾನು ಅಂಕಲಗಿಯ ಈ ಮನೆಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮಾವನವರು ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಮೂವರೇ, ಅತ್ತೆಯವರು, ನನ್ನ ಯಜಮಾನರಾದ ನಿಮ್ಮ ಮುತ್ಯಾ, ನಾನು. ಅದರಲ್ಲಿಯೂ ಮುತ್ಯಾ ಇದ್ದರು ಎಂದು ಬರೆಯುವುದು ಅರ್ಧ ಸತ್ಯ. ಅವರದು ಸಂತೆಯ ಅರಿವೆ ವ್ಯಾಪಾರ. ಸೀರೆ, ಧೋತರ, ಕುಪ್ಪಸದ ಖಣ ಇವನ್ನೆಲ್ಲ ಗಂಟು ಕಟ್ಟಿ ಎತ್ತಿನ ಗಾಡಿಗೆ ಹೇರಿಕೊಂಡು ಗೋಕಾಕದ ಸಂತೆ, ಮೂಡಲಗಿಯ ಸಂತೆ, ಹುಕ್ಕೇರಿಯ ಸಂತೆ ಎಂದು ತಿರುಗುವರು. ನಡುವೆ ತುಕ್ಕಾನಟ್ಟಿಯಂಥ ಹಳ್ಳಿಗಳು. ವಾರಕ್ಕೆ ಒಂದು ದಿನ ಮನೆ. ಆ ಒಂದು ದಿನವೂ ಎತ್ತಿನ ಮೈ ತೊಳೆಯುವುದರಲ್ಲಿ ಅರ್ಧ ಹೋಗುವುದು. ಉಳಿದ ಅರ್ಧದಲ್ಲಿ ತಾಯಿಯ ಜೊತೆ ವ್ಯಾಪಾರದ ಮಾತು. ನನಗೆ ಉಳಿಯುತ್ತಿದ್ದುದು ಅವರು ಊಟ ಮಾಡುವಾಗ ರೊಟ್ಟಿ ನೀಡುವಷ್ಟು ಹೊತ್ತು. ಅದಕ್ಕೇ ನಾನು ಆ ದಿನ ರೊಟ್ಟಿಯನ್ನು ಸಣ್ಣ ಸಣ್ಣದಾಗಿ ಬಡಿಯುತ್ತಿದ್ದೆ, ಹೆಚ್ಚು ಸಲ ನೀಡಬಹುದಲ್ಲ.

ನಮ್ಮ ಮನೆಯಲ್ಲಿ ಕೊರಳ ಲಿಂಗವನ್ನು ಕೈಗೆ ತೆಗೆದುಕೊಂಡು ಪೂಜೆ ಮಾಡುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಈಗ ನೀವು ಚಹಾದ ವಿಷಯದಲ್ಲಿ ಸಡಿಲ ಬಿಟ್ಟಿದ್ದೀರಿ, ನನಗೆ ಗೊತ್ತು. ನಿಮ್ಮ ಮುತ್ಯಾ ಬಿಟ್ಟವರಲ್ಲ. ಸಂತೆಯ ಗದ್ದಲದಲ್ಲಿ ಮಡಿ ನೀರು ಎಲ್ಲಿ, ಕೂಡಲು ಜಾಗ ಎಲ್ಲಿ? ಎಷ್ಟೋ ದಿನ ಹೊತ್ತು ಇಳಿಯುವ ತನಕ ಉಪವಾಸ ಇದ್ದು, ಆಮೇಲೆ ನಾನು ಕಟ್ಟಿಕೊಟ್ಟ ಕಟಕ ರೊಟ್ಟಿಯನ್ನು ಶೇಂಗಾ ಹಿಂಡಿಯಲ್ಲಿ ಮುರಿದು ತಿನ್ನುತ್ತಿದ್ದರು. ವಾರ ಕಳೆದು ಬಂದಾಗ ಅಂಗಿಯೊಳಗೆ ಮೈ ಹುಡುಕಬೇಕಾಗುತ್ತಿತ್ತು.

ಹೀಗಿರುವಾಗ ಎತ್ತುಗಳಿಗೆ ವಯಸ್ಸಾಯಿತು. ಗೋಕಾಕದ ದಸ್ತಗೀರ ಮಿಸ್ತ್ರಿಯ ಅಂಗಳದಲ್ಲಿ ಎರಡು ಮೋಟಾರು ಮಾರಾಟಕ್ಕಿವೆ ಎಂದು ಸುದ್ದಿ ಬಂತು. ಎರಡೂ ದಂಡಿನವರು ಬೇಡವೆಂದು ಮಾರಿದವು. ಒಂದು ದೊಡ್ಡ ಜೀಪು. ಇನ್ನೊಂದು ಗಾಯವಾದ ಸಿಪಾಯಿಗಳನ್ನು ಸಾಗಿಸುತ್ತಿದ್ದ ದವಾಖಾನೆಯ ವ್ಯಾನು. ನೋಡಿ, ಮಕ್ಕಳೇ, ನಿಮ್ಮ ಜಗಳ ನಿಮ್ಮದಲ್ಲ. ಅದು ನಮ್ಮ ಮನೆಯ ಹಳೆಯ ಜಗಳ, ನಿಮಗೆ ಪಾಲಿಗೆ ಬಂದಿದೆ.

ಅತ್ತೆಯವರು ತಾವೇ ನೋಡಬೇಕೆಂದು ಹಟ ಹಿಡಿದರು. ಎತ್ತು ಕೊಳ್ಳುವಾಗಲೂ ಅವರೇ ನೋಡುತ್ತಿದ್ದರು. ಅವರ ಜೊತೆಗೆ ನೀರಿನ ತಂಬಿಗೆ ಹಿಡಿದುಕೊಳ್ಳಲು ನಾನೂ ಹೋದೆ.

ಎತ್ತನ್ನು ಹೇಗೆ ಪರೀಕ್ಷೆ ಮಾಡುತ್ತಾರೆಂದು ನಿಮಗೆ ಗೊತ್ತೋ ಇಲ್ಲವೋ. ಹಣೆಯ ಮೇಲೆ, ಬೆನ್ನಿನ ಮೇಲೆ ಕೂದಲು ಸುತ್ತಿಕೊಂಡು ಸುಳಿ ಆಗಿರುತ್ತದಲ್ಲ, ಅದು ಎಲ್ಲಿದೆ ಎಂಬುದರ ಮೇಲೆ ಎತ್ತು ಮನೆಗೆ ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಣಯ. ಆಮೇಲೆ ಬಾಯಿ ತೆರೆಸಿ ಹಲ್ಲು ನೋಡಬೇಕು, ವಯಸ್ಸು ತಿಳಿಯಲು. ಅತ್ತೆಯವರು ಜೀಪಿನ ಮುಂದೆ ನಿಂತು ಅದರ ಮೂತಿಯನ್ನು ಬಹಳ ಹೊತ್ತು ದಿಟ್ಟಿಸಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಿಂದಿನ ತಗಡಿನ ಮೇಲೆ ಅಂಗೈಯಿಂದ ರಪ್ಪೆಂದು ಬಡಿದರು. ಆಮೇಲೆ ಗಂಭೀರವಾಗಿ ಕೇಳಿದರು:

"ಮಿಸ್ತ್ರಿ, ಇದಕ್ಕ ಹಲ್ಲ ಎಷ್ಟ ಬಂದಾವೊ?"

ದಸ್ತಗೀರ ಮಿಸ್ತ್ರಿ ಅಷ್ಟೇ ಗಂಭೀರವಾಗಿ ಹೇಳಿದ: "ಹಲ್ಲ ಹೊಟ್ಟಿಯೊಳಗ ಅದಾವ್ರಿ ಅವ್ವಾರ. ಬಿಚ್ಚಿ ತೋರಸ್ತೀನಿ ಅಂದ್ರ ತಿರುಗಿ ಜೋಡ್ಸಾಕ ಎರಡ ದಿನಾ ಬೇಕು. ಉಳಕೋತೀರೇನ?"

"ಬ್ಯಾಡ ಬಿಡು. ಹಾಯತೈತೇನ?"

"ಇದು ಹಾಯೂದಿಲ್ರಿ, ಒದೀತೈತಿ. ಹಿಂದ ನಿಂದರಬ್ಯಾಡ್ರಿ."

ನಿಮ್ಮ ಮುತ್ಯಾ ನಗು ತಡೆಯಲು ಟೊಪ್ಪಿಗೆ ತೆಗೆದು ಮುಖಕ್ಕೆ ಹಿಡಿದುಕೊಂಡರು. ಅವರಿಗೆ ಜೀಪೇ ಬೇಕಾಗಿತ್ತು, ಅವರ ಮಾತು ಖರೆಯೂ ಇತ್ತು. ಮೂಡಲಗಿಯ ಕಡೆಗೆ ಎಲ್ಲ ಎರೆ ಭೂಮಿ. ಒಂದು ಮಳೆ ಬಿದ್ದರೆ ಆ ಕರಿ ಮಣ್ಣು ಗಾಲಿಗೆ ಹತ್ತಿಕೊಂಡು ಗಾಲಿಯನ್ನೇ ಬಂಡೆ ಮಾಡಿಬಿಡುತ್ತದೆ. ಜೀಪಿನಲ್ಲಿ ಪಕ್ಕಕ್ಕೆ ಇನ್ನೊಂದು ಸಣ್ಣ ಕೋಲು ಇತ್ತು, ಅದನ್ನು ಜಗ್ಗಿದರೆ ಮುಂದಿನ ಗಾಲಿಗಳೂ ದುಡಿಯುತ್ತವೆ ಎಂದು ಮಿಸ್ತ್ರಿ ತೋರಿಸಿದ. ಅಲ್ಲಿಯ ತನಕ ನನಗೆ ಮೋಟಾರಿನ ಮುಂದಿನ ಗಾಲಿಗಳು ದುಡಿಯುವುದಿಲ್ಲವೆಂದೇ ಗೊತ್ತಿರಲಿಲ್ಲ. ಅವು ದಾರಿ ತೋರಿಸುತ್ತವಂತೆ, ಅಷ್ಟೇ. ಎಳೆಯುವುದೆಲ್ಲ ಹಿಂದಿನವು. ಎಷ್ಟೋ ಮನೆತನಗಳು ಹೀಗೇ ನಡೆಯುತ್ತವೆ ಎಂದು ನನಗೆ ಅಲ್ಲಿಯೇ ಹೊಳೆಯಿತು, ಆದರೆ ತಂಬಿಗೆ ಹಿಡಿದು ನಿಂತವಳು ಇಂಥ ಮಾತು ಹೇಗೆ ಆಡಲಿ?

ಅವರು ಜೀಪಿನ ಹತ್ತಿರ ಇದ್ದಾಗ ನಾನು ಮೆಲ್ಲಗೆ ವ್ಯಾನಿನ ಹಿಂದೆ ಹೋದೆ. ಬಾಗಿಲು ತೆರೆದಿತ್ತು. ಒಂದು ಕಬ್ಬಿಣದ ಮೆಟ್ಟಿಲು. ಒಳಗೆ ಎರಡೂ ಬದಿಗೆ ಮಲಗುವ ಹಲಗೆ, ಗೋಡೆಗೆ ಒಂದು ಗೂಡು, ಮೇಲೆ ಸಣ್ಣ ಕಿಟಕಿ. ನೋಡಿದ ಕೂಡಲೇ ನನಗೆ ಅದು ಮೋಟಾರು ಅನ್ನಿಸಲಿಲ್ಲ. ಆ ಗೂಡಿನಲ್ಲಿ ವಿಭೂತಿಯ ತಟ್ಟೆ. ಬಾಗಿಲ ಹತ್ತಿರ ಒಲೆ. ಎಡಗಡೆ ಅರಿವೆಯ ಗಂಟು. ಬಲಗಡೆ... ಬಲಗಡೆ ಏನು ಇಡಬೇಕೆಂದು ನನಗೆ ಹೊಳೆಯಿತು, ಮುಖ ಬಿಸಿಯಾಯಿತು. ಅಲ್ಲಿ ನಾನು ಕೂಡಬಹುದಾಗಿತ್ತು.

ಜೀಪು ಬಂದರೆ ಅವರು ಇನ್ನೂ ಜೋರಾಗಿ, ಇನ್ನೂ ದೂರ ಹೋಗುತ್ತಾರೆ. ಹೊಸ ಹೊಸ ಹಳ್ಳಿ, ಹೊಸ ಸಂತೆ. ವ್ಯಾನು ಬಂದರೆ ನಾನೂ ಹೋಗಬಹುದು. ನನ್ನ ಪಾಲಿಗೆ ಲೆಕ್ಕ ಇಷ್ಟೇ ಇತ್ತು. ಆದರೆ ಹೇಳುವುದು ಯಾರಿಗೆ? ಅತ್ತೆಯ ಎದುರಿಗೆ ಗಂಡನ ಜೊತೆ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅತ್ತೆಗೆ "ನಿಮ್ಮ ಮಗನ ಜೋಡಿ ನಾನೂ ಹೋಗತೀನಿ" ಎನ್ನುವುದಂತೂ ನನ್ನ ನಾಲಿಗೆಯಿಂದ ಆಗುವ ಕೆಲಸವಲ್ಲ. ಅತ್ತೆಯವರು ಜೀಪಿಗೆ ಇನ್ನೊಂದು ಸಲ ಬಡಿದು, "ಇದ ಇರಲಿ. ಗಟ್ಟಿ ಐತಿ. ಗುರುವಾರ ಬಂದು ಒಯ್ತೀವಿ" ಎಂದರು. ವ್ಯಾನನ್ನು ದೂರದಿಂದ ನೋಡಿ, "ಅದು ಬ್ಯಾನಿ ಬಿದ್ದವರ ಗಾಡಿ, ಬಾ" ಎಂದು ನನ್ನನ್ನು ಕರೆದರು.

ಬುಧವಾರ ಓಣಿಯಲ್ಲಿ ಒಬ್ಬ ಬಸುರಿಗೆ ಕುಬಸದ ಕಾರ್ಯ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿಯಾದ ಮೇಲೆ ಹೆಂಗಸರು ಒಬ್ಬೊಬ್ಬರನ್ನೇ ಹಿಡಿದು ಒಡಪು ಹೇಳಿಸುತ್ತಾರೆ. ನಾವು ಗಂಡನ ಹೆಸರು ಬಾಯಲ್ಲಿ ತರುತ್ತಿರಲಿಲ್ಲ, ಒಡಪಿನಲ್ಲಿ ಮಾತ್ರ ತರಬಹುದು. ನಾಲ್ಕು ಮಾತನ್ನು ಹಾಡಿನಂತೆ ಹೊಂದಿಸಿ ಕೊನೆಗೆ ಹೆಸರು ಸೇರಿಸಿಬಿಡುವುದು. ಯಾರು ಯೋಚಿಸಿ ಮಾಡಿದರೋ, ಹೆಣ್ಣುಮಕ್ಕಳಿಗೆ ಇದೊಂದು ಕಿಂಡಿ. ಬೇರೆ ಹೊತ್ತಿನಲ್ಲಿ ಆಡಿದರೆ ಉದ್ಧಟತನ ಎನ್ನಿಸುವ ಮಾತು ಒಡಪಿನಲ್ಲಿ ಬಂದರೆ ಎಲ್ಲರೂ ನಕ್ಕು ಸಕ್ಕರೆ ಕೊಡುತ್ತಾರೆ. ಸಿಟ್ಟಿಗೇಳುವ ಹಾಗಿಲ್ಲ.

ನಾನು ಮದುವೆಯ ದಿನ ಕಲಿತ ಒಂದೇ ಒಡಪನ್ನು ಎಲ್ಲ ಕಡೆ ಹೇಳುತ್ತಿದ್ದೆ. ಬೆಳ್ಳಿ ಬಟ್ಟಲು, ತುಪ್ಪ, ಸಕ್ಕರೆ ಎಂದು ಏನೋ ಇತ್ತು ಅದರಲ್ಲಿ. ನನ್ನ ಸರದಿ ಬಂದಾಗ ಹಿಂದಿನಿಂದ ಯಾರೋ "ನೀಲವ್ವಂದು ಬಿಡ್ರವಾ, ಅದ ತುಪ್ಪ ಅದ ಬಟ್ಟಲ! ತುಪ್ಪ ಕಮಟ ಹಿಡದಿರಬೇಕು ಇಷ್ಟೊತ್ತಿಗೆ" ಎಂದಳು. ಎಲ್ಲರೂ ನಕ್ಕರು. ಅತ್ತೆಯವರೂ ನಕ್ಕರು. ನನಗೆ ಅಳು ಬರುವುದರಲ್ಲಿತ್ತು. ಅದರ ಬದಲು ಬಾಯಿಂದ ಇದು ಬಂತು:

"ಕೆಸರ ದಾಟಾಕ ಜೀಪ ಐತಿ, ಹಸಿವು ದಾಟಾಕ ಏನೈತಿ?
ಒಲಿ ಹೂಡೂ ಗಾಡಿ ಅಲ್ಲೇ ನಿಂತು ನಮ್ಮ ಹಾದಿ ನೋಡತೈತಿ.
ಅಡಿವೆಪ್ಪನವರ ಸಂತಿ ದಾರ್ಯಾಗ ನನಗೂ ಒಂದು ಜಾಗ ಐತಿ."

ಹಿಂದಿನ ದಿನವೆಲ್ಲ ರೊಟ್ಟಿ ಬಡಿಯುವಾಗ ಅದು ತಲೆಯಲ್ಲಿ ತಾನೇ ಹೊಂದಿಕೊಂಡಿತ್ತು. ಕಲ್ಲಿನ ಮೇಲೆ ಕೈ ಬೀಳುವ ಸಪ್ಪಳಕ್ಕೆ ಸರಿಯಾಗಿ. ಹೊರಗೆ ಬರುತ್ತದೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಹೆಂಗಸರು ಹೋ ಎಂದರು. "ಗಂಡನ ಬಿಟ್ಟಿರಾಕ ಆಗವಲ್ದಂತ ನೋಡ್ರಿ!" ಎಂದು ಒಬ್ಬಳು ನನ್ನ ಬಾಯಿಗೆ ಸಕ್ಕರೆ ತುಂಬಿದಳು. ನಾನು ಅತ್ತೆಯವರ ಮುಖ ನೋಡಲಿಲ್ಲ. ಅವರು ನಗುತ್ತಿರಲಿಲ್ಲವೆಂದು ನೋಡದೆಯೇ ತಿಳಿಯಿತು. ಮನೆಗೆ ಬರುವ ತನಕ ಅವರು ಮುಂದೆ, ನಾನು ಹಿಂದೆ. ಹೊಸ್ತಿಲು ದಾಟುವಾಗ ಅವರು ತಿರುಗದೆಯೇ ಕೇಳಿದರು:

"ಒಲಿ ಹೂಡತೀನಿ ಅಂತೀಯಲ್ಲ, ಹೊಗಿ ಎಲ್ಲಿ ಹೋಗತೈತಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಏ ನೀಲವ್ವಾ, ನಿನಗ ಕೇಳಾಕತ್ತೇನಿ. ಆ ಗಾಡ್ಯಾಗ ಒಲಿ ಹಚ್ಚಿದರ ಹೊಗಿ ಎಲ್ಲಿ ಹೋಗತೈತಿ?"

"ಕಿಟಕಿ... ಕಿಟಕಿ ಐತ್ರಿ ಅತ್ತಿ. ಮ್ಯಾಲಿನ ಬಾಜೂಕ."

"ನೋಡಿ ಬಂದಿ ಹಂಗಾರ." ಅವರು ಕಂಬಕ್ಕೆ ಆತು ಕೂತರು. ಸ್ವಲ್ಪ ಹೊತ್ತು ಕಾಲು ಒತ್ತಿಕೊಂಡರು. "ನಿಮ್ಮ ಮಾವನೂ ಹಿಂಗ ತಿರುಗಾಂವ. ನಾ ಈ ಬಾಗಲಾ ನೋಡಕೋತ ಮುದಕಿ ಆದೆ. ನನಗ್ಯಾಕ ಇಂಥಾ ಒಡಪ ಹೊಳೀಲಿಲ್ಲ!" ಎಂದರು. ಆಮೇಲೆ, ಮೆತ್ತಗಾದದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬಂದವರಂತೆ, "ಹೋಗು, ಎಮ್ಮಿ ಒದರಾಕತ್ತೈತಿ" ಎಂದರು.

ಮರುದಿನ ನಿಮ್ಮ ಮುತ್ಯಾ ಜೀಪು ತರಲು ಟೊಪ್ಪಿಗೆ ಹಾಕಿಕೊಂಡು ನಿಂತಾಗ ಅತ್ತೆಯವರು "ಜೀಪ ಬ್ಯಾಡ. ದವಾಖಾನಿ ಗಾಡಿ ತಗೊಂಡ ಬಾ" ಎಂದರು.

"ಯವ್ವಾ! ನಿನ್ನೆ ಮೊನ್ನೆ ಅದನ್ನ ನೋಡಾಕೂ ಒಲ್ಲೆ ಅಂದಿ. ಈಗ ಏನಾತು?"

"ಜೀಪಿನ ಸುಳಿ ಛಲೋ ಇಲ್ಲ."

"ಜೀಪಿಗೆ ಎಲ್ಲಿ ಸುಳಿ ಬೇ?"

"ನಿನಗೇನ ಕಾಣತೈತಿ? ನಾ ನೋಡೇನಿ. ವ್ಯಾನಿನ ಸುಳಿ ಲಕ್ಷ್ಮಿ ಸುಳಿ. ಹೊಂಡು ಇನ್ನ, ಹೊತ್ತಾತು."

ನಾನು ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವರು ನನ್ನ ಹೆಸರು ಎತ್ತಲಿಲ್ಲ. ತಾವು ಹಳ್ಳಿಯ ಹೆಡ್ಡ ಮುದುಕಿ ಎನ್ನಿಸಿಕೊಂಡರೂ ಚಿಂತೆಯಿಲ್ಲವೆಂದು ನನ್ನ ನಾಚಿಕೆಯನ್ನು ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು. ಅತ್ತೆಯರ ಬಗ್ಗೆ ಜನ ಏನೇನೋ ಹೇಳುತ್ತಾರೆ, ನನ್ನ ಹತ್ತಿರ ಮಾತ್ರ ಯಾರೂ ಹೇಳಬಾರದು.

ವ್ಯಾನು ಬಂತು. ನಿಮ್ಮ ಮುತ್ಯಾ ಮಿಸ್ತ್ರಿಯ ಹತ್ತಿರ ನಡೆಸುವುದು ಕಲಿತರು. ಎಷ್ಟೋ ದಿನದ ತನಕ ನಿಲ್ಲಿಸಬೇಕಾದಾಗ ಹಿಂದಕ್ಕೆ ವಾಲಿ, ಸುಕ್ಕಾಣಿಯನ್ನು ಎದೆಗೆ ಜಗ್ಗಿ, "ಹೋ... ಹೋ..." ಎನ್ನುತ್ತಿದ್ದರು. ಆಮೇಲೆ ಬ್ರೇಕು ನೆನಪಾಗುವುದು. ವ್ಯಾನಿನ ಮೈಮೇಲಿನ ಕೆಂಪು ಗುರುತಿಗೆ ನೀಲಿ ಬಣ್ಣ ಬಳಿದೆವು, ಆದರೂ ಬಿಸಿಲಿಗೆ ಅದು ಒಳಗಿನಿಂದ ಇಣುಕುವುದು. ಮೂಡಲಗಿಗೆ ಮೊದಲ ಸಲ ಹೋದಾಗ ಹುಡುಗರೆಲ್ಲ "ಸೂಜಿ ಹಾಕೋರು ಬಂದ್ರೋ!" ಎಂದು ಓಡಿ ಹೋಗಿ ಜೋಳದ ಕಣಕಿಯ ಬಣವಿಯ ಹಿಂದೆ ಅಡಗಿಕೊಂಡರು. ಒಬ್ಬ ಮುದುಕ ಮಾತ್ರ ಮಂಡಿನೋವಿಗೆ ಏನಾದರೂ ಕೊಡಿರೆಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಖಣ ಬಿಟ್ಟರೆ ಬೇರೇನೂ ಇಲ್ಲವೆಂದರೆ ನಂಬಲಿಲ್ಲ. ಕೊನೆಗೆ ಒಂದಿಷ್ಟು ಬಿಸಿ ಎಣ್ಣೆ ಕೊಟ್ಟು ಕಳಿಸಿದೆ.

ಇನ್ನು ನನ್ನಂಥವಳು ವ್ಯಾಪಾರದಲ್ಲಿ ಏನು ಮಾಡಿದೆನೆಂದು ಕೇಳುತ್ತೀರಿ. ಏನೂ ಮಾಡಲಿಲ್ಲ. ಹಿಂಬದಿಯ ಬಾಗಿಲಲ್ಲಿ ಸೆರಗು ಹೊದ್ದು ಕೂತೆ. ಅಷ್ಟೇ. ಅಲ್ಲಿಯ ತನಕ ಕುಪ್ಪಸದ ಖಣವನ್ನು ಗಂಡಸಿನ ಮುಂದೆ ಬಿಚ್ಚಿ ಮೈಗೆ ಹಿಡಿದು ನೋಡಲು ನಾಚಿ, ಕೈಗೆ ಬಂದದ್ದನ್ನು ಒಯ್ಯುತ್ತಿದ್ದ ಹೆಂಗಸರು ಈಗ ಮೆಟ್ಟಿಲು ಹತ್ತಿ ಒಳಗೆ ಬಂದು ಕೂತು, ಒಂದೊಂದನ್ನೇ ಭುಜಕ್ಕೆ ಹಾಕಿ ನೋಡಿ, ಮನೆಯ ಸುಖದುಃಖ ಹೇಳಿ, ಒಂದರ ಬದಲು ಮೂರು ಒಯ್ಯುತ್ತಿದ್ದರು. ನಾನು ಮಾತಾಡದ್ದೇ ಅವರಿಗೆ ಸೇರಿತು. ಅವರು ಮಾತಾಡಲು ಜಾಗ ಬೇಕಲ್ಲ.

ಆದರೆ ಮಹಾಂತೇಶ, ನಿನ್ನ ಪಕ್ಷವನ್ನು ನಾನು ಮರೆತಿಲ್ಲ. ಮೊದಲ ಮಳೆಗಾಲದಲ್ಲಿಯೇ ನಿನ್ನ ಮುತ್ಯಾನ ಮಾತು ಖರೆಯಾಯಿತು. ತುಕ್ಕಾನಟ್ಟಿಯ ಹತ್ತಿರ, ಊರು ಕಣ್ಣಿಗೆ ಕಾಣುವಾಗ, ವ್ಯಾನು ಎರೆ ಮಣ್ಣಿನಲ್ಲಿ ಕೂತಿತು. ಕೂತಿತು ಎಂದರೆ ಪೂಜೆಗೆ ಕೂತಂತೆ ಕೂತಿತು, ಏಳುವ ಯೋಚನೆಯೇ ಇಲ್ಲ. ಹೊಲದವರು ಬಂದು ಎತ್ತು ಹೂಡಿ ಜಗ್ಗಿದರು. ವ್ಯಾನು ಇನ್ನೂ ಒಂದು ಗೇಣು ಕೆಳಗೆ ಹೋಯಿತು.

"ಅಡಿವೆಪ್ಪಣ್ಣ, ನಿನ್ನ ಮನಿ ನಮ್ಮ ಹೊಲದಾಗ ಬಂದು ಕುಂತೈತಲ್ಲೊ! ಬಾಡಿಗಿ ಕೊಡತೀಯೊ, ಅರ್ಧ ಪಾಲು ಕೊಡತೀಯೊ?" ಎಂದು ಹೊಲದವನು ನಕ್ಕ. ನಾಳೆ ಬಿಸಿಲು ಬಿದ್ದ ಮೇಲೆ ನೋಡೋಣವೆಂದು ಎತ್ತು ಹೊಡೆದುಕೊಂಡು ಹೋದರು.

ನಿಮ್ಮ ಮುತ್ಯಾ ಮೊಣಕಾಲ ತನಕ ಕೆಸರಾಗಿ ಮೆಟ್ಟಿಲ ಮೇಲೆ ಕೂತರು. ಅಷ್ಟು ಸೋತ ಮುಖವನ್ನು ನಾನು ನೋಡಿರಲಿಲ್ಲ. ಇವರಿಗೆ ಬೇಡವಾದ ಗಾಡಿಯನ್ನು ತರಿಸಿದವಳು ನಾನು, ನಾಳೆ ಇದನ್ನು ಮಾರಿ ಜೀಪು ತಂದರೆ ನನ್ನ ಜಾಗ ಮತ್ತೆ ಅಂಕಲಗಿಯ ಬಾಗಿಲೇ. ಏನೂ ತೋಚದೆ ಒಲೆ ಹಚ್ಚಿದೆ. ಅವರ ಕೈಕಾಲಿಗೆ ನೀರು ಕೊಟ್ಟೆ. ಅವರು ಒಳಗೆ ಬಂದು, ಗೂಡಿನ ಮುಂದೆ ಕೂತು ಪೂಜೆ ಮುಗಿಸಿದರು. ಹೊರಗೆ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು, ಒಳಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ತಾಟು ಮುಂದಿಟ್ಟಾಗ ಅವರು ನಿಟ್ಟುಸಿರು ಬಿಟ್ಟು ಹೇಳಿದರು:

"ಜೀಪ ಇದ್ದಿದ್ದರ ಇಷ್ಟೊತ್ತಿಗೆ ಮನ್ಯಾಗ ಇರ್ತಿದ್ದಿವಿ."

"ಈಗೇನ ಹೊರಗ ಅದೀವೇನ್ರಿ?" ಎಂದೆ.

ನಾನು ಚತುರಳಾಗಿ ಹೇಳಿದ್ದಲ್ಲ. ನನಗೆ ಖರೆ ಹಾಗೇ ಅನ್ನಿಸಿತ್ತು. ಅವರು ತುತ್ತು ಕೈಯಲ್ಲಿ ಹಿಡಿದು ಸುತ್ತ ನೋಡಿದರು. ಗೂಡು, ವಿಭೂತಿ, ಒಲೆ, ಅರಿವೆಯ ಗಂಟು, ಕೊನೆಗೆ ನನ್ನನ್ನು. ಆಮೇಲೆ ಹೊಟ್ಟೆ ಹಿಡಿದು ನಗಲು ಶುರು ಮಾಡಿದರು. ನಕ್ಕು ಮುಗಿದ ಮೇಲೆ, "ಸುಳಿ ನೋಡಿ ವ್ಯಾನ ಆರಿಸಿದ್ಲು ಅಂದ್ರ ನಾ ಏನ ನಂಬತೀನೇನ? ಖರೆ ಹೇಳ, ನಮ್ಮವ್ವಗ ಏನ ಹೇಳಿದಿ?" ಎಂದು ಕೇಳಿದರು.

ಅವರ ಎದುರಿಗೆ ಅವರ ಹೆಸರು ಹೇಳುವುದೆಂದರೆ! ನಾನು ಒಲೆಯ ಕಡೆ ಮುಖ ಮಾಡಿ, ಅವರಿಗೆ ಬೆನ್ನು ತೋರಿಸಿ, ಆ ಒಡಪು ಹೇಳಿದೆ. ರೊಟ್ಟಿ ಹೊತ್ತಿತು. ಅದನ್ನೂ ಅವರೇ ತಿಂದರು.

ಮರುದಿನ ಬೆಳಿಗ್ಗೆ ನಮ್ಮನ್ನು ಎಳೆದು ಹೊರಗೆ ತೆಗೆದದ್ದು ಯಾವುದು ಗೊತ್ತೇ? ಅದೇ ಜೀಪು. ಹಿಡಕಲ್ಲಿನ ಕಡೆಯ ಒಬ್ಬ ಗುತ್ತಿಗೆದಾರ ಕೊಂಡಿದ್ದನಂತೆ. ಅದರ ಡ್ರೈವರ್ ಆ ಸಣ್ಣ ಕೋಲು ಜಗ್ಗಿ, ನಾಲ್ಕೂ ಗಾಲಿ ದುಡಿಸಿ, ಹಗ್ಗ ಕಟ್ಟಿ ನಮ್ಮನ್ನು ಬಾವಿಯಿಂದ ಕೊಡ ಸೇದಿದಂತೆ ಮೇಲೆ ತೆಗೆದ. ನಿಮ್ಮ ಮುತ್ಯಾ ಆ ಜೀಪಿನ ಮೂತಿಯನ್ನು ಕೂಡಿಬರದೆ ತಪ್ಪಿಹೋದ ನಂಟಸ್ತನವನ್ನು ನೆನೆದವರಂತೆ ಸವರಿದರು. ಡ್ರೈವರ್ ಮಾತ್ರ ನಮ್ಮ ಒಲೆಯನ್ನೇ ನೋಡುತ್ತಿದ್ದ. ನಿನ್ನೆಯಿಂದ ಉಂಡಿಲ್ಲವಂತೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಿಂದು, "ಅಕ್ಕಾರ, ನಿಮ್ಮ ಗಾಡಿ ಮತ್ಯಾವಾಗ ಹುಗೀತೈತ್ರಿ?" ಎಂದು ಕೇಳಿ ಹೋದ.

ಮುಂದೆ ನಿಮ್ಮ ಅಪ್ಪ ಆ ವ್ಯಾನಿನ ಹಲಗೆ ಹಿಡಿದು ನಡೆಯಲು ಕಲಿತ. ಗೋಕಾಕದಲ್ಲಿ ಅಂಗಡಿ ಹಾಕಿದ ಮೇಲೆ ವ್ಯಾನು ಬೇವಿನ ಗಿಡದ ಕೆಳಗೆ ನಿಂತು ಕೋಳಿಗಳ ಮನೆಯಾಯಿತು. ಆದರೆ ಪ್ರತಿ ವರ್ಷ ಮೊದಲ ಮಳೆ ಬಿದ್ದ ಸಂಜೆ ನಿಮ್ಮ ಮುತ್ಯಾ ಅಡಿಗೆಮನೆಯ ಬಾಗಿಲಿಗೆ ಬಂದು, "ಹೂಂ, ಆಗಲಿ" ಎಂದಷ್ಟೇ ಹೇಳುವರು. ನಾನು ಒಲೆಯ ಕಡೆ ತಿರುಗಿ ಒಡಪು ಹೇಳುವೆ.

ಅವರು ಹೋದ ಮೇಲೆ ಕುಬಸಕ್ಕೆ, ಮದುವೆಗೆ ಹೋದರೂ ನನಗೆ ಯಾರೂ ಒಡಪು ಕೇಳುವುದಿಲ್ಲ. ಗಂಡನಿಲ್ಲದವಳಿಗೆ ಕೇಳುವ ರೂಢಿಯಿಲ್ಲ. ಯಾರ ಮನಸ್ಸಿನಲ್ಲಿಯೂ ಕೆಟ್ಟದ್ದಿಲ್ಲ, ನನ್ನನ್ನು ದಾಟಿ ಪಕ್ಕದವಳ ಹತ್ತಿರ ಹೋಗುತ್ತಾರೆ, ಅಷ್ಟೇ. ಹೆಸರು ಹೇಳಲು ನಾಚುತ್ತಿದ್ದವಳಿಗೆ ಈಗ ಹೇಳಲು ಜಾಗವಿಲ್ಲ. ಅದಕ್ಕೇ ಇಲ್ಲಿ ಬರೆದೆ. ಈ ಹಾಳೆಗಳಲ್ಲಿ ಆ ಹೆಸರು ಎಲ್ಲಿದೆ ಎಂದು ಹುಡುಕಿ ನೋಡಿರಿ, ಅಲ್ಲಿ ಅಕ್ಷರ ಸ್ವಲ್ಪ ದಪ್ಪಗಿದೆ.

ಇನ್ನು ನಿಮ್ಮ ಪ್ರಶ್ನೆ. ಮಹಾಂತೇಶ, ಜೀಪು ಕೊಂಡರೆ ದಾರಿಯಲ್ಲಿ ಹುಗಿದವರನ್ನು ಎಳೆದು ತೆಗೆ. ಶಿವಲೀಲಾ, ವ್ಯಾನು ಕೊಂಡರೆ ಎಳೆದವರಿಗೆ ಊಟಕ್ಕೆ ಹಾಕು. ಯಾವುದು ಕೊಂಡರೂ, ಕೊಳ್ಳುವ ಮೊದಲು ಮನೆಯಲ್ಲಿ ತಂಬಿಗೆ ಹಿಡಿದು ಸುಮ್ಮನೆ ನಿಂತವರು ಯಾರಾದರೂ ಇದ್ದಾರೆಯೇ ಎಂದು ನೋಡಿರಿ. ಅವರಿಗೆ ಒಂದು ಮಾತು ಕೇಳಿರಿ. "ನನಗೇನ ತಿಳೀತೈತಿ" ಎಂದರೆ ನಂಬಬೇಡಿರಿ.

ಈಗಿನ ಗಾಡಿಗಳಲ್ಲಿ ಮುಂದಿನ ಸೀಟಿನ ಎದುರಿಗೆ ಕಾಗದಪತ್ರ ಇಡಲು ಒಂದು ಗೂಡು ಇರುತ್ತದಂತೆ. ಈ ಹಾಳೆಗಳನ್ನು ಅದರಲ್ಲಿ, ನೀರು ತಾಗದಂತೆ, ಜೋಪಾನವಾಗಿ ಇಡಿರಿ. ಎಲ್ಲಾದರೂ ಕೆಸರಿನಲ್ಲಿ ಹುಗಿದು ಕೂತಾಗ ಹೊರಗೆ ತೆಗೆದು ಆ ಒಡಪನ್ನು ಒಂದು ಸಲ ಜೋರಾಗಿ ಓದಿರಿ. ನಾಚಬೇಡಿರಿ, ಅಲ್ಲಿ ಮಂದಿ ಇರುವುದಿಲ್ಲ.